ಬಾವಿಯ ದೆವ್ವಕ್ಕೂ ಒಂದು ಹೆಸರಿತ್ತು

ನಡುರಾತ್ರಿ ತೆಂಗಿನ ತೋಟದಲ್ಲಿ ಒಣಗರಿ ಬೀಳುವ ಸದ್ದು ಕೇಳಿದ್ದೀರಾ? ಮೊದಲು ಮೇಲೆಲ್ಲೋ ‘ಚರ್’ ಅಂತ ಸಣ್ಣ ಸದ್ದು. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಯಾರೋ ಎತ್ತರದಿಂದ ಧುಮುಕಿದ ಹಾಗೆ ‘ಧಡ್’. ಮನೆಯೊಳಗೆ ಮಲಗಿದರೂ ಬಿಡುಗಡೆಯಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟ ಕಾಯಿಗಳ ಒಳಗೆ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗಿರುತ್ತದೆ. ಇಲಿಯೊಂದು ಓಡಿದರೆ ಸಾಕು, ತಲೆಯ ಮೇಲೇ ‘ಗಡಗಡ’.

ಇಂಥ ಸದ್ದುಗಳ ನಡುವೆ ಬೆಳೆದವಳು ನಾನು. ನಮ್ಮದು ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇಬ್ಬರು ಎದುರಾದರೆ ಆರೋಗ್ಯ ವಿಚಾರಿಸುವ ಮೊದಲು ಕೊಬ್ಬರಿ ರೇಟು ವಿಚಾರಿಸುತ್ತಾರೆ. ಇಲ್ಲಿ ಪೀಡೆ ಅಂದರೆ ದೆವ್ವವೂ ಹೌದು, ಕಾಯಿಗೆ ಬರುವ ನುಸಿಪೀಡೆಯೂ ಹೌದು. ತೆಂಗು ಎಷ್ಟಿದೆಯೋ ದೆವ್ವಗಳೂ ಅಷ್ಟೇ ಇವೆ. ಕೆರೆಯಂಗಳದಲ್ಲಿ ಕೊಳ್ಳಿದೆವ್ವ, ಹುಣಸೆಮರದಲ್ಲಿ ಮೋಹಿನಿ, ನಮ್ಮ ತೋಟದ ಬಾವಿಯಲ್ಲಿ ‘ಬಳೆ ಸದ್ದಿನವಳು’. ಹೊತ್ತು ಮುಳುಗಿದ ಮೇಲೆ ಬಾವಿಯ ಹತ್ತಿರ ಹೋದರೆ ಅವಳ ಬಳೆ ಸದ್ದು ಕೇಳುತ್ತದೆ, ತಿರುಗಿ ನೋಡಿದರೆ ಎಳೆದುಕೊಳ್ಳುತ್ತಾಳೆ ಅಂತ ಅಜ್ಜಿ ಹೆದರಿಸುತ್ತಿದ್ದಳು.

ಬಿ.ಎಸ್ಸಿ. ಸೇರಿದ ಮೇಲೆ ಈ ಕಥೆಗಳಿಗೆಲ್ಲ ನಕ್ಕುಬಿಡುವುದನ್ನು ಕಲಿತೆ. ಡಿಗ್ರಿ ಮುಗಿದು ಮೂರು ವರ್ಷವಾಯಿತು. ಈಗ ಎಫ್‌ಡಿಎ, ಪಿಡಿಒ ಅಂತ ಓದುತ್ತಾ ಊರಲ್ಲೇ ಇದ್ದೇನೆ. ಹಿಂದೆ ದೆವ್ವಕ್ಕೆ ಹೆದರಿ ಸಂಜೆ ಹೊರಗೆ ಹೋಗುತ್ತಿರಲಿಲ್ಲ. ಈಗ ‘ಏನವ್ವ, ಎಲ್ಲಿಗೆ ಬಂತು ಕೆಲಸ?’ ಅನ್ನುವವರಿಗೆ ಹೆದರಿ ಹೋಗುವುದಿಲ್ಲ. ನನ್ನ ವಯಸ್ಸಿನ ಎಷ್ಟೋ ಜನರ ಮನೆಬಾಗಿಲಲ್ಲಿ ಇದೇ ದೆವ್ವ ನಿಂತಿದೆ ಅಂತ ಗೊತ್ತು.

ಈ ಬೇಸಿಗೆಯಲ್ಲಿ ಚಿಕ್ಕಪ್ಪನ ಮಗಳು ಸೆಕೆಂಡ್ ಪಿಯು ಪರೀಕ್ಷೆ ಮುಗಿಸಿ ನಮ್ಮ ಮನೆಗೆ ಬಂದಳು. ಇಡೀ ದಿನ ಮೊಬೈಲಿನಲ್ಲಿ ಮುಳುಗಿರುತ್ತಿದ್ದಳು. ಏನದು ಅಂತ ಕೇಳಿದೆ.

“ಮಾಂಗಾ ಕಣಕ್ಕ. ಜಪಾನಿನ ಚಿತ್ರಕಥೆ. ಹೆಸರು ‘ದಾನ್ ದಾ ದಾನ್’. ದೆವ್ವನೂ ಇದೆ, ಲವ್ವೂ ಇದೆ.”

ಪಕ್ಕದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತಿದಳು. “ದಾನ, ದಂಡ ಎರಡೂ ಬಂತು. ಸಾಮ, ಭೇದ ಎಲ್ಲಿ ಹೋದ್ವು?”

ಬಲದಿಂದ ಎಡಕ್ಕೆ

ಮಾಂಗಾ ಓದುವುದು ಬಲದಿಂದ ಎಡಕ್ಕೆ. ಮೊದಲ ಹತ್ತು ಪುಟ ನಾನು ನಮ್ಮ ರೂಢಿಯಂತೆ ಓದಿ, ಉತ್ತರ ಮೊದಲು ಬಂದು ಪ್ರಶ್ನೆ ಆಮೇಲೆ ಬರುತ್ತಿದೆಯಲ್ಲ ಅಂತ ತಲೆ ಕೆರೆದುಕೊಂಡೆ. ತಂಗಿ ನಕ್ಕು ತಿದ್ದಿದಳು. ಆಮೇಲೆ ಒಂದೇ ರಾತ್ರಿಯಲ್ಲಿ ಎಷ್ಟು ಅಧ್ಯಾಯ ಮುಗಿಸಿದೆನೋ ಲೆಕ್ಕವಿಲ್ಲ. ಭಾರತ ಸಂವಿಧಾನದ ಪುಸ್ತಕ ದಿಂಬಿನ ಪಕ್ಕದಲ್ಲೇ ಮುಚ್ಚಿಕೊಂಡು ಮಲಗಿತ್ತು.

ಯುಕಿನೋಬು ತತ್ಸು ಎಂಬ ಕಲಾವಿದ ಬರೆದು ಚಿತ್ರಿಸುವ ಈ ಸರಣಿ 2021ರ ಏಪ್ರಿಲ್ 6ರಂದು ಶುಯೇಶಾ ಪ್ರಕಾಶನದ ‘ಶೋನೆನ್ ಜಂಪ್ ಪ್ಲಸ್’ ಎಂಬ ಡಿಜಿಟಲ್ ವೇದಿಕೆಯಲ್ಲಿ ಶುರುವಾಯಿತು. ಅದಕ್ಕೂ ಮೊದಲು ಅವರು ‘ಚೈನ್‌ಸಾ ಮ್ಯಾನ್’ ಖ್ಯಾತಿಯ ತತ್ಸುಕಿ ಫುಜಿಮೊಟೊ ಅವರ ಬಳಿ ಸಹಾಯಕರಾಗಿ ದುಡಿದವರು. 2024ರ ಅಕ್ಟೋಬರಿನಲ್ಲಿ ಸೈನ್ಸ್ ಸಾರು ಸ್ಟುಡಿಯೊ ಇದನ್ನು ಅನಿಮೆ ಮಾಡಿತು. 2025ರ ಜುಲೈನಲ್ಲಿ ಎರಡನೆಯ ಸೀಸನ್ ಬಂತು. ಮೊಬೈಲಿನಲ್ಲಿ ಅನಿಮೆ ನೋಡುವ ಕಾಲೇಜು ಹುಡುಗರಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಕಥೆ ಸರಳ. ಮೊಮೊ ಅಯಾಸೆ ಹೈಸ್ಕೂಲು ಹುಡುಗಿ. ಅವಳ ಅಜ್ಜಿ ದೆವ್ವ ಬಿಡಿಸುವವಳು. ಹಾಗಾಗಿ ಮೊಮೊಗೆ ದೆವ್ವದಲ್ಲಿ ನಂಬಿಕೆ, ಅನ್ಯಗ್ರಹದ ಜೀವಿಗಳಲ್ಲಿ ಇಲ್ಲ. ಅದೇ ಶಾಲೆಯಲ್ಲಿ ಒಬ್ಬಂಟಿಯಾಗಿ ಕೂತು ಅತಿಮಾನುಷ ವಿದ್ಯಮಾನಗಳ ಪತ್ರಿಕೆ ಓದುವ ಕನ್ನಡಕದ ಹುಡುಗನಿಗೆ ಅನ್ಯಗ್ರಹ ಜೀವಿಗಳಲ್ಲಿ ನಂಬಿಕೆ, ದೆವ್ವದಲ್ಲಿ ಇಲ್ಲ. ಅವನನ್ನು ಕಾಡಿಸುವವರಿಂದ ಮೊಮೊ ಬಿಡಿಸುತ್ತಾಳೆ. ಆಮೇಲೆ ಇಬ್ಬರೂ ಜಗಳವಾಡಿ ಪಂಥ ಕಟ್ಟುತ್ತಾರೆ. ಅವನು ದೆವ್ವವಿದೆ ಎನ್ನುವ ಸುರಂಗಕ್ಕೆ ಹೋಗಬೇಕು, ಅವಳು ಹಾರುವ ತಟ್ಟೆ ಬರುತ್ತದೆ ಎನ್ನುವ ಪಾಳು ಆಸ್ಪತ್ರೆಗೆ ಹೋಗಬೇಕು. ಆ ಒಂದೇ ರಾತ್ರಿಯಲ್ಲಿ ಇಬ್ಬರಿಗೂ ತಾವು ನಂಬದೇ ಇದ್ದದ್ದೇ ಎದುರಾಗುತ್ತದೆ.

ಹುಡುಗನ ಹೆಸರು ಕೆನ್ ತಕಾಕುರಾ. ಜಪಾನಿನ ದೊಡ್ಡ ನಟರೊಬ್ಬರ ಹೆಸರೂ ಅದೇ. ಮೊಮೊ ಆ ನಟನ ಕಟ್ಟಾ ಅಭಿಮಾನಿ. ರಾಜ್‌ಕುಮಾರ್ ಅಭಿಮಾನಿಯೊಬ್ಬಳಿಗೆ ರಾಜ್‌ಕುಮಾರ್ ಹೆಸರಿನ ಬಡಕಲು ಹುಡುಗ ಗಂಟುಬಿದ್ದರೆ ಹೇಗಿರುತ್ತದೆ, ಊಹಿಸಿಕೊಳ್ಳಿ. ಅವಳು ಅವನನ್ನು ಆ ಹೆಸರಿನಿಂದ ಕರೆಯಲಾರದೆ ‘ಒಕಾರುನ್’ ಅಂತ ಅಡ್ಡಹೆಸರಿಡುತ್ತಾಳೆ.

ಸುರಂಗದಲ್ಲಿ ಸಿಗುವವಳು ‘ಟರ್ಬೊ ಗ್ರ್ಯಾನಿ’, ಕಾರಿನಷ್ಟೇ ವೇಗವಾಗಿ ಓಡುವ ಮುದುಕಿ ದೆವ್ವ. ಇದು ಲೇಖಕರ ಕಲ್ಪನೆಯಲ್ಲ, ಜಪಾನಿನ ರಸ್ತೆಗಳಲ್ಲಿ ಮೊದಲಿಂದಲೂ ಹರಿದಾಡುವ ಗಾಳಿಸುದ್ದಿ. ಅವಳು ಒಕಾರುನ್‌ಗೆ ಶಾಪ ಕೊಟ್ಟು, ಅವನಿಂದ ಒಂದು ಮುಜುಗರದ ವಸ್ತು ಕದಿಯುತ್ತಾಳೆ. ಏನು ಅಂತ ಇಲ್ಲಿ ಬರೆದರೆ ಸಂಪಾದಕರು ಕತ್ತರಿ ಹಾಕಿಯಾರು.

ಎಲ್ಲವೂ ಚೆನ್ನಾಗಿದೆ ಅಂತ ಹೇಳುವುದಿಲ್ಲ. ಮೊದಲ ಅಧ್ಯಾಯದಲ್ಲೇ ಅನ್ಯಗ್ರಹದವರು ಹುಡುಗಿಯನ್ನು ಕಟ್ಟಿಹಾಕುವ ದೃಶ್ಯವನ್ನು ಚಿತ್ರಿಸಿದ ರೀತಿ ನನಗೆ ಹಿಡಿಸಲಿಲ್ಲ. ಚಿಕ್ಕ ಮಕ್ಕಳ ಕೈಗೆ ಕೊಡುವ ಪುಸ್ತಕವಂತೂ ಅಲ್ಲ. ಆದರೂ ಓದು ಬಿಡಲಾಗಲಿಲ್ಲ. ಕಾರಣ ದೆವ್ವವಲ್ಲ, ಒಬ್ಬ ಹುಡುಗ.

ತಿಪಟೂರು ಬಸ್ಸಿನ ಹುಡುಗ

ನಾನು ತಿಪಟೂರಿಗೆ ಕಾಲೇಜಿಗೆ ಹೋಗುತ್ತಿದ್ದಾಗ ಅದೇ ಬಸ್ಸಿಗೆ ಒಬ್ಬ ಸಹಪಾಠಿ ಹತ್ತುತ್ತಿದ್ದ. ಮಾತು ಕಡಿಮೆ. ನಮ್ಮಿಬ್ಬರಿಗೂ ಹೆಚ್ಚಾಗಿ ಸೀಟು ಸಿಗುತ್ತಿರಲಿಲ್ಲ. ಹಿಂದಿನ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತು ರಸಾಯನಶಾಸ್ತ್ರದ ನೋಟ್ಸು ಬದಲಾಯಿಸಿಕೊಳ್ಳುವುದು, ಇಳಿಯುವಾಗ ‘ಬರ್ತೀನಿ’ ಅನ್ನುವುದು, ಅಷ್ಟೇ. ಅಷ್ಟೇ ಆದರೂ ಅವನು ಬಾರದ ದಿನ ಬಸ್ಸು ಬಹಳ ನಿಧಾನ ಅನಿಸುತ್ತಿತ್ತು.

ಎರಡನೇ ವರ್ಷ ಅವನ ಅಪ್ಪ ತೀರಿಕೊಂಡರು. ಹದಿನೈದು ದಿನ ಬಿಟ್ಟು ಕಾಲೇಜಿಗೆ ಬಂದವನು ಒಂದು ಸಂಜೆ ಬಸ್ಸಿನಲ್ಲಿ ಸಣ್ಣ ದನಿಯಲ್ಲಿ ಕೇಳಿದ: “ರಾತ್ರಿ ನಮ್ಮ ತೋಟದಲ್ಲಿ ಒಂದು ಬೆಳಕು ಓಡಾಡುತ್ತೆ. ನಿಲ್ಲುತ್ತೆ, ಮತ್ತೆ ಹೋಗುತ್ತೆ. ಅಪ್ಪ ಹೋದ್ಮೇಲೆ ದಿನಾ ಕಾಣ್ತಿದೆ. ನಿದ್ದೆ ಬರ್ತಿಲ್ಲ. ಏನಿರಬಹುದು ಅದು?”

ನಾನು ನಕ್ಕೆ. “ಕೊಳ್ಳಿದೆವ್ವಾನಾ? ಬಿ.ಎಸ್ಸಿ. ಓದ್ತಾ ಇದ್ದೀಯಲ್ಲೋ!” ಅಂದೆ. ಜೌಗು ನೆಲದ ಅನಿಲ, ಮೀಥೇನು ಅಂತ ಅರ್ಧಂಬರ್ಧ ವಿಜ್ಞಾನ ಹೇಳಿದೆ. ಅಷ್ಟಕ್ಕೆ ಬಿಡಲಿಲ್ಲ, ಮರುದಿನ ಗೆಳತಿಯರಿಗೂ ಹೇಳಿದೆ. ಆ ವರ್ಷವಿಡೀ ಅವನ ಹೆಸರು ‘ಕೊಳ್ಳಿದೆವ್ವ’ ಆಯಿತು. ಅವನು ಮುಂಚಿನ ಬಸ್ಸಿಗೆ ಹೋಗತೊಡಗಿದ. ಕೊನೆಯ ವರ್ಷ ಒಂದೇ ತರಗತಿಯಲ್ಲಿ ಕೂತರೂ ಮಾತಿಲ್ಲ.

ಕನ್ನಡಕದ ಒಕಾರುನ್ ಒಬ್ಬಂಟಿಯಾಗಿ ಪತ್ರಿಕೆ ಓದುತ್ತಾ ಕೂತ ಚಿತ್ರ ನೋಡಿದಾಗ ನನಗೆ ನೆನಪಾದದ್ದು ಆ ಬಸ್ಸು. ಮೊಮೊ ದೆವ್ವ, ಅನ್ಯಗ್ರಹ ಅಂತ ಅವನ ಜೊತೆ ಜಗಳವಾಡುತ್ತಾಳೆ. ಆದರೆ ಪಂಥ ಕಟ್ಟಿ ಅವನು ಹೇಳಿದ ಜಾಗಕ್ಕೆ ಖುದ್ದಾಗಿ ಹೋಗಿ ನೋಡುತ್ತಾಳೆ. ನಾನು ನಿಂತ ಜಾಗದಿಂದ ಕದಲಲೇ ಇಲ್ಲ. ಅವನು ನನ್ನನ್ನು ಕೇಳಿದ್ದು ಬೆಳಕಿನ ವಿಷಯ ಅಲ್ಲ, ಅಪ್ಪನ ವಿಷಯ. ಅದು ಅರ್ಥವಾಗಲು ವರ್ಷಗಳೇ ಹಿಡಿದವು, ಅದೂ ಜಪಾನಿನ ಚಿತ್ರಕಥೆಯೊಂದರಿಂದ.

ಈ ಸರಣಿಯನ್ನು ಪ್ರೇಮಕಥೆ ಅನ್ನುತ್ತಾರೆ. ನಾನು ಓದಿದಷ್ಟರಲ್ಲಿ ‘ಐ ಲವ್ ಯೂ’ಗಿಂತ ಹೆಚ್ಚು ಸಲ ಬರುವುದು ‘ನಾನು ಬರ್ತೀನಿ, ಅಲ್ಲೇ ಇರು’ ಎಂಬ ಭಾವ. ಇನ್ನೊಬ್ಬರ ಹೆದರಿಕೆಯನ್ನು ಸುಳ್ಳು ಅನ್ನದೆ ಜೊತೆಗೆ ನಿಲ್ಲುವುದೇ ಅಲ್ಲಿ ಪ್ರೀತಿಯ ಮೊದಲ ಮೆಟ್ಟಿಲು.

ದೆವ್ವ ಅಳುತ್ತದೆ

ನನ್ನನ್ನು ಹೆಚ್ಚು ಅಲ್ಲಾಡಿಸಿದ್ದು ‘ಆಕ್ರೋಬ್ಯಾಟಿಕ್ ಸಿಲ್ಕಿ’ ಎಂಬ ದೆವ್ವದ ಭಾಗ. ಉದ್ದ ಕೂದಲಿನ, ಕೆಂಪು ಉಡುಪಿನ ಭೀಕರ ಹೆಣ್ಣು. ಐರಾ ಎಂಬ ಹುಡುಗಿಯನ್ನು ‘ನನ್ನ ಮಗಳು’ ಅಂತ ಅಟ್ಟಿಸಿಕೊಂಡು ಬರುತ್ತಾಳೆ. ಓದುವ ನಮಗೂ ಅವಳನ್ನು ಯಾವಾಗ ಮುಗಿಸುತ್ತಾರೋ ಎನಿಸುತ್ತದೆ. ಆಮೇಲೆ ಮಾತಿಲ್ಲದ ಕೆಲವು ಪುಟಗಳು. ಬಡ ತಾಯಿಯೊಬ್ಬಳು ಹಗಲು ರಾತ್ರಿ ದುಡಿಯುತ್ತಾಳೆ. ಪುಟ್ಟ ಮಗಳಿಗೆ ಒಂದು ಕೆಂಪು ಉಡುಪು ತಂದುಕೊಡುತ್ತಾಳೆ. ಇಬ್ಬರೂ ಕುಣಿಯುತ್ತಾರೆ. ಒಂದು ದಿನ ಗೂಂಡಾಗಳು ಮಗಳನ್ನು ಎತ್ತಿಕೊಂಡು ಹೋಗುತ್ತಾರೆ. ತಾಯಿ ಹಿಂದೆ ಓಡುತ್ತಾಳೆ, ಸಿಗುವುದಿಲ್ಲ. ಆ ತಾಯಿಯೇ ಸತ್ತು ಈ ದೆವ್ವವಾದವಳು. ಕೊನೆಗೆ ಅವಳು ತನ್ನ ಶಕ್ತಿಯನ್ನೇ ಕೊಟ್ಟು ಐರಾಳನ್ನು ಉಳಿಸಿ ಕರಗಿಹೋಗುವಾಗ ಐರಾ ಅವಳನ್ನು ತಬ್ಬಿಕೊಳ್ಳುತ್ತಾಳೆ, ಮರೆಯುವುದಿಲ್ಲ ಅನ್ನುತ್ತಾಳೆ.

ಟರ್ಬೊ ಗ್ರ್ಯಾನಿಯೂ ಹಾಗೆಯೇ. ಬಾಯಿ ಹೊಲಸು, ನಡತೆ ಅದಕ್ಕಿಂತ ಹೊಲಸು. ಆದರೆ ಆ ಸುರಂಗದಲ್ಲಿ ಅವಳು ಯಾಕಿದ್ದಳು ಎಂದರೆ, ಅಲ್ಲಿ ಅನ್ಯಾಯವಾಗಿ ಸತ್ತ ಹೆಣ್ಣುಮಕ್ಕಳ ಆತ್ಮಗಳಿಗೆ ಜೊತೆಯಾಗಿ ಇದ್ದಳು.

ತಂಗಿಗೆ ನಾನು ಕಣ್ಣೊರೆಸಿಕೊಂಡದ್ದು ಕಾಣಬಾರದು ಅಂತ ಹೊರಗೆ ಜಗುಲಿಗೆ ಬಂದೆ. ಕತ್ತಲಲ್ಲಿ ಬಾವಿಯ ಕಡೆ ನೋಡಿದೆ. ಮೊದಲ ಸಲ ಒಂದು ಪ್ರಶ್ನೆ ಬಂತು: ನಮ್ಮ ‘ಬಳೆ ಸದ್ದಿನವಳು’ ದೆವ್ವವಾಗುವ ಮೊದಲು ಯಾರಾಗಿದ್ದಳು?

ಹೇಳದೆ ಉಳಿದ ಕಥೆ

ಇದೆಲ್ಲ ಜಪಾನಿಗೆ ಮಾತ್ರ ಸೇರಿದ್ದಲ್ಲ. ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ನೆನಪಿಸಿಕೊಳ್ಳಿ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಹುಟ್ಟಿದ ನಾಟಕ ಅದು. 1997ರಲ್ಲಿ ಟಿ.ಎಸ್. ನಾಗಾಭರಣ ಅದನ್ನು ಸಿನಿಮಾ ಮಾಡಿದರು. ಗಂಡ ಅಪ್ಪಣ್ಣ ಮನೆಗೆ ಬೀಗ ಹಾಕಿ ಹೋಗುತ್ತಾನೆ, ಊಟದ ಹೊತ್ತಿಗೆ ಮಾತ್ರ ಬರುತ್ತಾನೆ. ರಾಣಿಯ ಹೆದರಿಕೆ, ತವರಿನ ನೆನಪು, ಕನಸು ಎಲ್ಲವನ್ನೂ ಕೂತು ಕೇಳಿಸಿಕೊಳ್ಳುವುದು ರಾತ್ರಿ ಗಂಡನ ರೂಪದಲ್ಲಿ ಬರುವ ನಾಗ. ಮನುಷ್ಯ ಕೇಳದೇ ಹೋದದ್ದನ್ನು ಹಾವು ಕೇಳುತ್ತದೆ.

ಅದರ ಆರಂಭವಂತೂ ಇನ್ನೂ ಸೊಗಸು. ಒಬ್ಬ ಮುದುಕಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಅವು ಉಸಿರುಕಟ್ಟಿ, ಅವಳು ಮಲಗಿದ್ದಾಗ ಬಾಯಿಂದ ತಪ್ಪಿಸಿಕೊಂಡು ಹೊರಬಂದವು. ಕಥೆ ಹೆಣ್ಣಾಯಿತು, ಹಾಡು ಅವಳ ಸೀರೆಯಾಯಿತು. ಹೇಳದೆ ಉಳಿದ ಕಥೆ ಹೀಗೆ ಹೆಣ್ಣುರೂಪದಲ್ಲಿ ಅಲೆಯುವುದನ್ನೇ ಅಲ್ಲವೇ ನಾವು ದೆವ್ವ ಅನ್ನುವುದು?

1990ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ಹಳ್ಳಿಗಳವರೆಗೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ರಾತ್ರಿ ಬಂದು ಬಾಗಿಲು ಬಡಿಯುವ ಹೆಣ್ಣುದೆವ್ವ ಅದನ್ನು ಓದಿ ವಾಪಸು ಹೋಗುತ್ತದಂತೆ. 2018ರ ಹಿಂದಿ ಸಿನಿಮಾ ‘ಸ್ತ್ರೀ’ ಕೂಡ ಈ ಕಥೆಯ ಎಳೆಯನ್ನೇ ಹಿಡಿದದ್ದು. ಅವಳು ಯಾರು, ಯಾಕೆ ಬಂದಳು ಅಂತ ಕೇಳಲು ನಮಗೆ ಪುರುಸೊತ್ತಿಲ್ಲ. ನಾಳೆ ಬಾ, ಅಷ್ಟೇ.

ಜಪಾನಿನಲ್ಲಿ ಒಬ್ಬ ಹುಡುಗ ಕೇಳಿದ್ದ. ಶಿಗೆರು ಮಿಜುಕಿ ಅವರು 1922ರಲ್ಲಿ ಹುಟ್ಟಿದವರು, ಸಕಾಯಿಮಿನಾತೊ ಎಂಬ ಸಣ್ಣ ಬಂದರಿನಲ್ಲಿ ಬೆಳೆದವರು. ಅಲ್ಲಿ ‘ನೊನ್ನೊನ್‌ಬಾ’ ಅಂತ ಕರೆಯುತ್ತಿದ್ದ ಒಬ್ಬ ಬಡ ಮುದುಕಿ ಅವರಿಗೆ ಯೋಕಾಯ್‌ಗಳ, ಅಂದರೆ ದೆವ್ವ ಭೂತಗಳ ಕಥೆ ಹೇಳುತ್ತಿದ್ದಳು. ಮಹಾಯುದ್ಧದಲ್ಲಿ ಎಡಗೈ ಕಳೆದುಕೊಂಡು ಬಂದ ಮಿಜುಕಿ, ಉಳಿದ ಒಂದೇ ಕೈಯಲ್ಲಿ ಆ ಯೋಕಾಯ್‌ಗಳನ್ನೆಲ್ಲ ಬರೆದರು. ಆ ಮುದುಕಿಯ ಬಗ್ಗೆಯೇ ಒಂದು ಮಾಂಗಾ ಬರೆದರು. ಈಗ ಆ ಊರಿನ ಬೀದಿಯುದ್ದಕ್ಕೂ ಯೋಕಾಯ್‌ಗಳ ಕಂಚಿನ ಪ್ರತಿಮೆಗಳಿವೆ, ನೋಡಲು ಜನ ಬರುತ್ತಾರೆ. ‘ದಾನ್ ದಾ ದಾನ್’ನಂಥ ಕಥೆಗಳ ಬೇರು ಅಂಥ ಒಬ್ಬ ಅಜ್ಜಿಯ ಜಗುಲಿಯಲ್ಲಿದೆ. ನಮ್ಮ ಜಗುಲಿಯಲ್ಲೂ ಒಬ್ಬ ಅಜ್ಜಿ ಕೂತಿದ್ದಳು, ಹುಣಸೆಹಣ್ಣು ಬಿಡಿಸುತ್ತಾ.

ಅಜ್ಜಿ ಹೇಳಿದ್ದು

“ಅಜ್ಜಿ, ಬಾವಿಯವಳು ಯಾರಜ್ಜಿ?” ಅಂತ ಕೇಳಿದೆ.

“ಯಾಕವ್ವ, ಇದ್ದಕ್ಕಿದ್ದಂಗೆ?”

“ಸುಮ್ಮನೆ ಹೇಳಜ್ಜಿ.”

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ಹೆಸರು ಹೇಳಿದಳು. ಆ ಮನೆಯವರು ಇನ್ನೂ ಊರಲ್ಲಿರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಅಜ್ಜಿ ಈ ಮನೆಗೆ ಸೊಸೆಯಾಗಿ ಬಂದ ತಿಂಗಳೇ ಪಕ್ಕದ ಮನೆಗೂ ಒಬ್ಬ ಸೊಸೆ ಬಂದಿದ್ದಳು. ಇಬ್ಬರಿಗೂ ಹದಿನಾರು ಹದಿನೇಳು. ನಲ್ಲಿ ಇಲ್ಲದ ಕಾಲ, ಇಬ್ಬರೂ ಇದೇ ಬಾವಿಗೆ ನೀರಿಗೆ ಬರುತ್ತಿದ್ದರು. ಅತ್ತೆಯ ಮನೆಯಲ್ಲಿ ನಗುವ ಹಾಗಿಲ್ಲ, ಹಾಗಾಗಿ ಇಡೀ ದಿನದ ನಗುವನ್ನು ಇಲ್ಲೇ ನಕ್ಕು ಹೋಗುತ್ತಿದ್ದರಂತೆ. ಎರಡು ವರ್ಷವಾದರೂ ಅವಳನ್ನು ತವರಿಗೆ ಕಳಿಸಿರಲಿಲ್ಲ. ಕೈಯಲ್ಲಿದ್ದ ಬಳೆ ಒಡೆದರೂ ಹೊಸದು ತೊಡಿಸುವವರಿರಲಿಲ್ಲ.

“ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತರ್ತಾನೆ, ಆ ದುಡ್ಡಲ್ಲಿ ನಿಂಗೂ ಹಸಿರು ಬಳೆ ತೊಡಿಸ್ತೀನಿ ಅಂದಿದ್ದೆ ಕಣವ್ವ. ಹಬ್ಬ ಇನ್ನೂ ವಾರ ಇತ್ತು. ಕಾಲು ಜಾರಿ ಬಿದ್ಲು ಅಂದ್ರು. ಜಾರಿದ್ಲೋ ಏನೋ, ಆ ದೇವರಿಗೇ ಗೊತ್ತು. ಆಮೇಲೆ ಜನ ಬಳೆ ಸದ್ದು ಕೇಳುತ್ತೆ ಅನ್ನಕ್ಕೆ ಶುರು ಮಾಡಿದ್ರು.” ಅಜ್ಜಿ ಹುಣಸೆಬೀಜ ಕೆಳಗೆ ಹಾಕಿದಳು. “ಅವಳ ಕೈಯಾಗೆ ಬಳೆನೇ ಇರ್ಲಿಲ್ಲ. ಸದ್ದು ಎಲ್ಲಿಂದ ಬಂದಾತು?”

ನನಗೆ ಒಂದೊಂದಾಗಿ ನೆನಪಾಯಿತು. ಪ್ರತಿ ಗೌರಿ ಹಬ್ಬಕ್ಕೆ ಅಜ್ಜಿ ಬಾವಿಯ ಹತ್ತಿರ ಅರಿಶಿನ, ಕುಂಕುಮ, ಒಂದು ಡಜನ್ ಹಸಿರು ಬಳೆ ಇಟ್ಟು ಬರುತ್ತಿದ್ದಳು. ದೆವ್ವವನ್ನು ಸಮಾಧಾನ ಮಾಡಲು ಅಂತ ನಾನು ಅಂದುಕೊಂಡಿದ್ದೆ. ಅದು ಗೆಳತಿಗೆ ಕೊಟ್ಟ ಮಾತು.

“ಮತ್ತೆ ನಮ್ಮನ್ನ ಯಾಕಜ್ಜಿ ಅವಳ ಹೆಸರು ಹೇಳಿ ಹೆದರಿಸ್ತಿದ್ದೆ?”

“ಬಾವಿಗೆ ಕಟ್ಟೆ ಇರ್ಲಿಲ್ವಲ್ಲ ಮಗ. ನೀವು ಹತ್ರ ಹೋಗ್ಬಾರ್ದಲ್ಲ. ಅವಳಂತೂ ಉಳೀಲಿಲ್ಲ, ಅವಳ ಹೆಸರಲ್ಲಿ ನೀವಾದ್ರೂ ಉಳೀರಿ ಅಂತ.”

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ವಲ್ಲ.”

ಮೊಮೊ ಕೂಡ ಚಿಕ್ಕಂದಿನಲ್ಲಿ ಅಜ್ಜಿ ಹೇಳಿಕೊಟ್ಟದ್ದನ್ನು ಮಾಡಿ ಶಾಲೆಯಲ್ಲಿ ನಗೆಪಾಟಲಾಗಿ, ಅಜ್ಜಿಯ ಮೇಲೆ ಮುನಿಸಿಕೊಂಡವಳು. ಕೊನೆಗೆ ಅವಳ ಜೀವ ಉಳಿಸುವುದು ಆ ಅಜ್ಜಿ ಕಲಿಸಿದ್ದೇ. ಆ ರಾತ್ರಿ ನಾನು ಅಜ್ಜಿಯ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡೆ.

ಎರಡು ನೀಲಿ ಗೆರೆ

ಮರುದಿನ ಹಳೆಯ ಕ್ಲಾಸ್ ಗ್ರೂಪಿನಿಂದ ಅವನ ನಂಬರ್ ಹುಡುಕಿ ತೆಗೆದೆ. ಮೂರು ಸಲ ಬರೆದು ಅಳಿಸಿದೆ. ಕೊನೆಗೆ ಕಳಿಸಿದ್ದು ಇಷ್ಟು: ‘ಅವತ್ತು ಬಸ್ಸಲ್ಲಿ ನಾನು ನಗಬಾರದಿತ್ತು. ಬೇರೆಯವರಿಗೆ ಹೇಳಲೂಬಾರದಿತ್ತು. ಆ ಬೆಳಕು ಇನ್ನೂ ಕಾಣುತ್ತಾ?’

ಎರಡು ನೀಲಿ ಗೆರೆ ಬಿದ್ದವು. ಉತ್ತರವಿಲ್ಲ. ಮೂರನೆಯ ದಿನ ರಾತ್ರಿ ಬಂತು.

‘ಅದು ದೆವ್ವ ಅಲ್ಲ. ಆಚೆ ತೋಟದವರ ಟಾರ್ಚು. ಕರೆಂಟು ರಾತ್ರಿ ಕೊಡ್ತಾರಲ್ಲ, ಮೋಟಾರು ಹಾಕಕ್ಕೆ ಬರ್ತಿದ್ರು. ಆಗಲೂ ಒಳಗೊಳಗೆ ಗೊತ್ತಿತ್ತು ನಂಗೆ. ಆದ್ರೆ ನಮ್ಮಪ್ಪನೂ ಹಂಗೇ ಟಾರ್ಚ್ ಹಿಡ್ಕೊಂಡು ಹೋಗ್ತಿದ್ರು.’

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು: ‘ಈಗ ನಾನೇ ಹೋಗ್ತೀನಿ ಮೋಟಾರು ಹಾಕಕ್ಕೆ.’

ಇದು ಸಿನಿಮಾ ಅಲ್ಲ, ಹಾಗಾಗಿ ಮುಂದೇನಾಯಿತು ಅಂತ ಕೇಳಬೇಡಿ. ಅವನಿಗೆ ಅವನ ತೋಟವಿದೆ, ನನಗೆ ನನ್ನ ಪರೀಕ್ಷೆಯಿದೆ. ಆಗಾಗ ಮಾತಾಡುತ್ತೇವೆ. ಅವನಿಗೆ ಮಾಂಗಾದ ವಿಷಯ ಹೇಳಿದೆ. ‘ಆ ಓಡೋ ಮುದುಕಿನ ನಮ್ಮ ತಿಪಟೂರು ಬಸ್ಸಿಗೆ ಡ್ರೈವರ್ ಮಾಡ್ಬೇಕು’ ಅಂದ.

‘ಬೊಂಬೆ ಪುಸ್ತಕ ಓದಿದ್ರೆ ಕೆಲಸ ಸಿಗುತ್ತಾ?’ ಅಂತ ಅಪ್ಪ ಈಗಲೂ ಗೊಣಗುತ್ತಾರೆ. ಸಿಗುವುದಿಲ್ಲ. ಆದರೆ ಒಂದು ಅಭ್ಯಾಸ ಸಿಕ್ಕಿದೆ. ಜೊತೆಗೆ ಓದುವ ಗೆಳತಿ ಫೋನ್ ಮಾಡಿ ‘ವಯಸ್ಸು ಮೀರ್ತಿದೆ ಕಣೇ, ಭಯ ಆಗ್ತಿದೆ’ ಅಂದರೆ ‘ಏನಾಗಲ್ಲ ಬಿಡು’ ಅಂತ ಮಾತು ಮುಗಿಸುವುದಿಲ್ಲ. ಏನು ಭಯ, ಹೇಳು ಅನ್ನುತ್ತೇನೆ. ಅರ್ಧ ಗಂಟೆ ಹೋಗುತ್ತದೆ, ಹೋಗಲಿ.

ಈ ಸಲದ ಗೌರಿ ಹಬ್ಬಕ್ಕೆ ತುರುವೇಕೆರೆಯಿಂದ ಬಳೆ ತಂದದ್ದು ನಾನು. ಸಂಜೆ ಅಜ್ಜಿಯ ಜೊತೆ ಬಾವಿಯ ಹತ್ತಿರ ಹೋದೆ. ಬಾವಿ ಬತ್ತಿ ಎಷ್ಟೋ ವರ್ಷವಾಯಿತು, ತೋಟಕ್ಕೆ ಈಗ ಬೋರ್‌ವೆಲ್ ನೀರು. ಅಜ್ಜಿ ಕುಂಕುಮವಿಟ್ಟು, ಬಳೆ ಇಟ್ಟು, ಗೆಳತಿಯ ಹೆಸರನ್ನು ಮೆಲ್ಲಗೆ ಹೇಳಿದಳು. ನಾನೂ ಹೇಳಿದೆ.

ಹಿಂದೆ ‘ಚರ್’ ಅಂತು. ಆಮೇಲೆ ‘ಧಡ್’. ಇಬ್ಬರೂ ಬೆಚ್ಚಿಬಿದ್ದೆವು. ತಿರುಗಿ ನೋಡಿದರೆ ಒಂದು ಒಣಗರಿ.

“ಬಾ, ಎಳ್ಕೊಂಡ್ ಹೋಗನ. ಒಲೆಗಾಗುತ್ತೆ” ಅಂದಳು ಅಜ್ಜಿ.